60 ಲೀಟರ್ ಟ್ಯಾಂಕ್‌ನಲ್ಲಿ ಮ್ಯಾಂಡರಿನ್ ಮೀನು ಸಾಕಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. 60 ಲೀಟರ್‌ನ ಉಪ್ಪುನೀರಿನ ಟ್ಯಾಂಕ್, ಶುರುವಾಗಿ ಎಂಟು ತಿಂಗಳು. ಒಂದು ಜೋಡಿ ಕ್ಲೌನ್ ಮೀನು ಚೆನ್ನಾಗಿವೆ. ಈಗ ಮ್ಯಾಂಡರಿನ್ ಅನ್ನುವ ಪುಟ್ಟ ಬಣ್ಣದ ಮೀನಿನ ಮೇಲೆ ಮನಸ್ಸಾಗಿದೆ. ಅಂಗಡಿಯವರು "ಎಲ್ಲಾ ತಿನ್ನುತ್ತೆ, ತಗೊಂಡು ಹೋಗಿ" ಅಂದಿದ್ದಾರೆ. ತರಬಹುದಾ?

ತರಬಹುದು, ಎರಡು ಷರತ್ತಿನ ಮೇಲೆ. ಒಂದು, ಆ ಮೀನು ನಿಮ್ಮ ಕಣ್ಣೆದುರೇ ಫ್ರೋಜನ್ ಆಹಾರ ತಿನ್ನಬೇಕು. ಎರಡು, ಮೀನಿನ ಜೊತೆಗೆ ಅದರ ಆಹಾರವನ್ನೂ ಬೇರೆ ಪಾತ್ರೆಯಲ್ಲಿ ಸಾಕಲು ನೀವು ತಯಾರಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ಬೇಡ. ನನ್ನದೂ ಸಣ್ಣ ಟ್ಯಾಂಕೇ, ಅದರಲ್ಲಿ ಒಂದು ಗಂಡು ಮ್ಯಾಂಡರಿನ್ ಇದೆ. ಹಾಗಾಗಿ "ಸಣ್ಣ ಟ್ಯಾಂಕ್‌ನಲ್ಲಿ ಆಗೋದೇ ಇಲ್ಲ" ಅನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಆದರೆ ಇದಕ್ಕೆ ಎಷ್ಟು ಕೆಲಸ ಇದೆ ಅನ್ನೋದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಮೊದಲು ಒಂದು ವಿಷಯ. ನೀರಿನ ಮಟ್ಟಿಗೆ ಈ ಮೀನಿನದು ಅಂಥ ತಕರಾರೇನಿಲ್ಲ. ಹವಳದ ದಿಬ್ಬದ (ರೀಫ್) ಬೇರೆ ಮೀನುಗಳಿಗೆ ಬೇಕಾದ ನೀರೇ ಇದಕ್ಕೂ ಸಾಕು. ಮೈಮೇಲೆ ಹುರುಪೆ ಇಲ್ಲ, ಬದಲಿಗೆ ದಪ್ಪನೆ ಲೋಳೆ ಇದೆ. ಕಹಿ, ಜೊತೆಗೆ ಕೆಟ್ಟ ವಾಸನೆ. ದೊಡ್ಡ ಮೀನುಗಳು ಇದರ ತಂಟೆಗೆ ಹೆಚ್ಚು ಬರುವುದಿಲ್ಲ, ಬಿಳಿ ಚುಕ್ಕೆ ರೋಗವೂ ಬೇರೆಯವಕ್ಕೆ ಹತ್ತಿದಷ್ಟು ಬೇಗ ಇದಕ್ಕೆ ಹತ್ತುವುದಿಲ್ಲ. ಮನೆಗೆ ತಂದ ಮ್ಯಾಂಡರಿನ್‌ಗಳು ಸಾಯುವುದು ಹೆಚ್ಚಾಗಿ ಹಸಿವಿನಿಂದ. ಅಷ್ಟೇ.

ಇದರ ಊರು ಪಶ್ಚಿಮ ಪೆಸಿಫಿಕ್. ಜಪಾನಿನ ರ್‍ಯೂಕ್ಯೂ ದ್ವೀಪಗಳಿಂದ ಫಿಲಿಪ್ಪೀನ್ಸ್, ಇಂಡೋನೇಷ್ಯಾ ಹಾದು ಆಸ್ಟ್ರೇಲಿಯಾದವರೆಗೆ. ಆಳವಿಲ್ಲದ ಕಡೆ, ಮುರಿದ ಹವಳದ ತುಂಡುಗಳ ನಡುವೆ ವಾಸ. ಅಲ್ಲಿ ಇದು ದಿನವಿಡೀ ಮಾಡುವ ಕೆಲಸ ಒಂದೇ: ಅಂಗಳದಲ್ಲಿ ಕೋಳಿ ಕಾಳು ಹೆಕ್ಕುವ ಹಾಗೆ ಕಲ್ಲಿನ ಮೇಲಿನ ಹುಳಹುಪ್ಪಟೆ ಹೆಕ್ಕುವುದು. ಕೋಪೆಪಾಡ್, ಆಂಫಿಪಾಡ್ (ಸಿಗಡಿಯ ಬಳಗದ ಪುಟಾಣಿ ಜೀವಿಗಳು, ಚಿಕ್ಕದಾಗಿ ಪಾಡ್), ಸಣ್ಣ ಸಣ್ಣ ಹುಳು, ಇವೇ ಊಟ. ಬೆಳಗ್ಗೆ ಒಂದು ಚಿಟಿಕೆ, ಸಂಜೆ ಒಂದು ಚಿಟಿಕೆ ಹಾಕಿದರೆ ಸಾಕು ಅನ್ನುವ ಜಾತಿ ಇದಲ್ಲ.

ತಿನ್ನುವುದನ್ನು ಹತ್ತಿರದಿಂದ ನೋಡಿದರೆ ಇದು ಯಾಕೆ ಕಷ್ಟ ಅಂತ ಗೊತ್ತಾಗುತ್ತದೆ. ಹೊಟ್ಟೆಯ ಕೆಳಗಿನ ಎರಡು ಅಗಲ ರೆಕ್ಕೆ ಊರಿಕೊಂಡು ಕಲ್ಲಿನ ಮೇಲೆ ನಡೆದೇ ಬರುತ್ತದೆ. ನಿಲ್ಲುತ್ತದೆ. ಕಣ್ಣುಗಳು ಒಂದೊಂದು ದಿಕ್ಕಿಗೆ ಹೊರಳುತ್ತವೆ. ಆಮೇಲೆ ಎರಡೂ ಕಣ್ಣು ಒಂದೇ ಜಾಗಕ್ಕೆ ತಿರುಗುತ್ತವೆ, ತಲೆ ಸ್ವಲ್ಪ ಬಾಗುತ್ತದೆ, ಪುಟ್ಟ ಬಾಯಿ ಕೊಳವೆಯಂತೆ ಮುಂದೆ ಚಾಚಿ ಟಕ್ ಅಂತ ಎಳೆದುಕೊಳ್ಳುತ್ತದೆ. ಅಲುಗಾಡದ ವಸ್ತುವಿನ ಮುಂದೆ ನಿಂತರೆ ಮಾತ್ರ ಮೀನಮೇಷ ಎಣಿಸುತ್ತದೆ. ಬಾಯಿಗೆ ಹಾಕಿಕೊಂಡರೂ ಉಗುಳುತ್ತದೆ. ಪೆಲೆಟ್, ಅಂದರೆ ಒಣ ಗುಳಿಗೆ ಆಹಾರ, ಅಂತೂ ಮೂಸಿಯೂ ನೋಡುವುದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಈ ಮೀನು ನಿಮಿಷಕ್ಕೆ ಹಲವು ಸಲ ಕುಕ್ಕುತ್ತದೆ, ಬೆಳಕಿರುವಷ್ಟು ಹೊತ್ತೂ ಕುಕ್ಕುತ್ತದೆ. ಟ್ಯಾಂಕ್‌ನ ಕಲ್ಲು ಮತ್ತು ಗಾಜಿನ ಮೇಲೆ ಹರಿದಾಡುವ ಟಿಸ್ಬೆ ಜಾತಿಯ ಪಾಡ್ ಮರಿಯಾಗಿ, ಬೆಳೆದು, ಮತ್ತೆ ಮರಿ ಮಾಡಲು ಹತ್ತಿರ ಹತ್ತಿರ ಹತ್ತು ದಿನ ಬೇಕು. 60 ಲೀಟರ್‌ನಲ್ಲಿ ಕಲ್ಲು ಇರುವುದೇ ಸ್ವಲ್ಪ. ಹುಟ್ಟುವುದಕ್ಕಿಂತ ಹೊಟ್ಟೆಗೆ ಹೋಗುವುದೇ ಜಾಸ್ತಿ. ಹಳಬರು ಸುಮಾರು 280 ಲೀಟರ್ ಬೇಕು, ವರ್ಷ ತುಂಬಿದ ಲೈವ್ ರಾಕ್ (ಸಣ್ಣ ಜೀವಿಗಳು ಮನೆಮಾಡಿದ ಕಲ್ಲು) ಬೇಕು ಅನ್ನುವುದು ಇದೇ ಕಾರಣಕ್ಕೆ. ಮೀನು ಬೆಳೆಯುವುದು ಆರೇಳು ಸೆಂಟಿಮೀಟರ್ ಅಷ್ಟೇ. ಅದಕ್ಕೆ ಓಡಾಡಲು ಜಾಗ ಸಾಲದೆ ಹೋಗುವುದಿಲ್ಲ, ಹೆಕ್ಕಲು ಕಲ್ಲು ಸಾಲುವುದಿಲ್ಲ.

ಜನ ಮೋಸ ಹೋಗುವುದೂ ಇಲ್ಲೇ. ಎಂಟು ತಿಂಗಳ ಟ್ಯಾಂಕ್‌ನಲ್ಲಿ ಒಂದಿಷ್ಟು ಪಾಡ್ ಕೂಡಿಕೊಂಡೇ ಇರುತ್ತವೆ. ಹೊಸ ಮೀನು ಮೊದಲ ಕೆಲವು ವಾರ ಅದನ್ನೇ ತಿಂದು ಗುಂಡಗಿರುತ್ತದೆ. ಆಮೇಲೆ ದಾಸ್ತಾನು ಮುಗಿಯುತ್ತದೆ. ಆಗಲೂ ಅದು ಕುಕ್ಕುತ್ತಲೇ ಇರುತ್ತದೆ, ಬಣ್ಣವೂ ಬೇಗ ಮಾಸುವುದಿಲ್ಲ. ನೋಡುವವರಿಗೆ ತಿನ್ನುತ್ತಿದೆ ಅಂತಲೇ ಅನ್ನಿಸುತ್ತದೆ. ಕುಕ್ಕುವುದು ಬೇರೆ, ಬಾಯಿಗೆ ಸಿಗುವುದು ಬೇರೆ ಅಲ್ವಾ? ಅಂಗಡಿಯವರು ಸುಳ್ಳೇ ಹೇಳುತ್ತಾರೆ ಅಂತ ನಾನು ಹೇಳಲ್ಲ. ಅವರ ಹತ್ತಿರ ಮೀನು ಇರುವುದೇ ಸ್ವಲ್ಪ ದಿನ, ಅಷ್ಟರಲ್ಲಿ ಅವರಿಗೂ ಕಾಣುವುದಿಲ್ಲ.

ಅಂಗಡಿಗೆ ಹೋದಾಗ ಬಣ್ಣ ನೋಡಬೇಡಿ, ಹೊಟ್ಟೆ ನೋಡಿ. ಬಣ್ಣ ನೋಡದೆ ಇರುವುದು ಕಷ್ಟ, ಗೊತ್ತು. ಅಂದ ಹಾಗೆ, ಪ್ರಾಣಿಗಳಲ್ಲಿ ಕಾಣುವ ನೀಲಿ ಹೆಚ್ಚಿನಂಶ ನಿಜವಾದ ಬಣ್ಣದ ವಸ್ತುವಲ್ಲ, ಬೆಳಕು ಚದುರಿ ಹಾಗೆ ಕಾಣುವುದು. ಮ್ಯಾಂಡರಿನ್‌ನ ಚರ್ಮದಲ್ಲಿ ಮಾತ್ರ ನಿಜವಾದ ನೀಲಿ ವರ್ಣಕ ತುಂಬಿದ ಜೀವಕೋಶಗಳೇ ಇವೆ. ಜಪಾನಿನ ವಿಜ್ಞಾನಿಗಳು 1995ರಲ್ಲಿ ಇದನ್ನು ತೋರಿಸಿದರು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇದು ತೀರಾ ಅಪರೂಪ. ಇರಲಿ, ಹೊಟ್ಟೆಯ ವಿಷಯಕ್ಕೆ ಬರೋಣ. ಮೀನನ್ನು ಮೇಲಿನಿಂದ ನೋಡಿ. ತಲೆಯ ಹಿಂದೆ ಮೈ ತುಂಬಿಕೊಂಡಿರಬೇಕು. ಅಲ್ಲಿ ಕುಗ್ಗಿದ್ದರೆ, ಪಕ್ಕದಿಂದ ನೋಡಿದಾಗ ಹೊಟ್ಟೆ ಬೆನ್ನಿಗೆ ಹತ್ತಿದಂತಿದ್ದರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ. ಅಷ್ಟು ಇಳಿದ ಮೀನು ಚೇತರಿಸಿಕೊಳ್ಳುವುದು ಅಪರೂಪ. ಮೈಮೇಲೆ ಗಾಯ ಇದೆಯಾ ಅಂತಲೂ ನೋಡಿ. ಕೆಲವು ಕಡೆ ಇವನ್ನು ಸೂಜಿಯಂಥ ಸಣ್ಣ ಭರ್ಜಿಯಿಂದ ಚುಚ್ಚಿ ಹಿಡಿಯುತ್ತಾರೆ.

ಆಮೇಲೆ "ಈಗ ಫ್ರೋಜನ್ ಹಾಕಿ ತೋರಿಸಿ" ಅಂತ ಕೇಳಿ. ತಿಂದರೆ ಸರಿ. "ಈಗಷ್ಟೇ ಹಾಕಿದ್ವಿ" ಅಂದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಸಾಕಣೆ ಕೇಂದ್ರದಲ್ಲೇ ಹುಟ್ಟಿದ ಮ್ಯಾಂಡರಿನ್‌ಗಳೂ ಈಗ ಸಿಗುತ್ತವೆ. ಅವಕ್ಕೆ ಸತ್ತ ಆಹಾರ ಸಾಮಾನ್ಯವಾಗಿ ರೂಢಿಯಾಗಿರುತ್ತದೆ. ನಿಮ್ಮ ಗಾತ್ರದ ಟ್ಯಾಂಕ್‌ಗೆ ಕೇಳಿದರೆ ನಾನು ಅದನ್ನೇ ಹೇಳುವುದು, ಕಾಯಬೇಕಾದರೂ ಪರವಾಗಿಲ್ಲ.

ಮೀನು ಬರುವ ಮೊದಲೇ ಪಾಡ್ ಸಾಕಣೆ ಶುರುವಾಗಿರಬೇಕು. ಇದು ಕೇಳುವುದಕ್ಕೆ ದೊಡ್ಡದು, ಮಾಡುವುದಕ್ಕೆ ಸುಲಭ. ಎರಡು ಮೂರು ಲೀಟರ್‌ನ ಎರಡು ಜಾಡಿ, ಟ್ಯಾಂಕ್‌ನಷ್ಟೇ ಉಪ್ಪಿನ ನೀರು, ಗಾಳಿಯ ಕೊಳವೆಯಿಂದ ನಿಧಾನವಾಗಿ ಒಂದೊಂದೇ ಗುಳ್ಳೆ. ಕೊಳವೆಯ ತುದಿಗೆ ಏರ್ ಸ್ಟೋನ್ ಬೇಡ, ಸಣ್ಣ ಗುಳ್ಳೆ ಪಾಡ್‌ಗಳಿಗೆ ಆಗಿಬರುವುದಿಲ್ಲ. ಊಟಕ್ಕೆ ಫೈಟೊಪ್ಲಾಂಕ್ಟನ್ (ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ) ಹಾಕಿ, ನೀರು ತಿಳಿ ಹಸಿರಾಗುವಷ್ಟು ಮಾತ್ರ. ಹಸಿರು ಇಳಿದ ಮೇಲೆ ಮತ್ತೆ ಹಾಕಿ. ಕಡು ಹಸಿರು ಮಾಡಿದರೆ ನೀರು ಕೆಟ್ಟು ರಾತ್ರೋರಾತ್ರಿ ಎಲ್ಲಾ ಸಾಯುತ್ತವೆ. ಜಾಡಿ ಎರಡಿರಲಿ ಅಂದಿದ್ದು ಇದಕ್ಕೇ, ಒಂದು ಕೈಕೊಟ್ಟರೆ ಇನ್ನೊಂದರಿಂದ ಮತ್ತೆ ಶುರು ಮಾಡಬಹುದು.

ಪಾಡ್ ಕೊಳ್ಳುವಾಗ ಟಿಸ್ಬೆ ಕೇಳಿ. ಟಿಗ್ರಿಯೋಪಸ್ ಅನ್ನುವ ಕೆಂಪು ಪಾಡ್ ದೊಡ್ಡದು, ಮೀನಿಗೂ ಇಷ್ಟ. ಆದರೆ ಅದು ನೀರಿನಲ್ಲಿ ಈಜುತ್ತದೆ, ಪಂಪ್‌ಗೆ ಸಿಕ್ಕಿ ಬೇಗ ಖಾಲಿಯಾಗುತ್ತದೆ. ತಿಂಡಿಗೆ ಸರಿ, ಸಂಸಾರ ಹೂಡುವುದಕ್ಕೆ ಟಿಸ್ಬೆಯೇ ವಾಸಿ. ಬಿಡುವಾಗ ದೀಪ ಆರಿದ ಮೇಲೆ, ಪಂಪ್ ನಿಲ್ಲಿಸಿ, ಕಲ್ಲಿನ ಬುಡಕ್ಕೆ ಪಿಪೆಟ್‌ನಿಂದ ಬಿಡಿ. ಹಗಲು ಬಿಟ್ಟರೆ ಕ್ಲೌನ್‌ಗಳಿಗೆ ಹಬ್ಬ. ನೀರು ಸೋಸುವ ಬಟ್ಟೆಚೀಲ (ಫಿಲ್ಟರ್ ಸಾಕ್) ಇದ್ದರೆ ತೆಗೆದುಬಿಡಿ, ಅದು ಪಾಡ್‌ಗಳನ್ನೂ ಹಿಡಿಯುತ್ತದೆ.

ಇಷ್ಟೂ ಮಾಡಿದರೂ 60 ಲೀಟರ್‌ಗೆ ಪಾಡ್ ಒಂದೇ ಸಾಲುವುದಿಲ್ಲ. ದಿನಕ್ಕೆ ಎರಡು ಮೂರು ಸಲ ಕೈಯಿಂದ ತಿನ್ನಿಸಲೇಬೇಕು. ಹೊಸ ಮೀನನ್ನು ಮೊದಲು ಟ್ಯಾಂಕ್ ಒಳಗೇ ತೂಗುಹಾಕುವ ಮರಿ ಪೆಟ್ಟಿಗೆಯಲ್ಲಿ ಇಡಿ. ಅಲ್ಲಿ ಪೈಪೋಟಿ ಇಲ್ಲ, ಎಷ್ಟು ತಿಂತು ಅಂತ ನಿಮಗೂ ಕಾಣುತ್ತದೆ. ಮೊಟ್ಟೆಯಿಂದ ಆಗ ತಾನೇ ಹೊರಬಂದ ಬ್ರೈನ್ ಶ್ರಿಂಪ್ (ಉಪ್ಪುನೀರಿನ ಪುಟಾಣಿ ಸಿಗಡಿಯಂಥ ಜೀವಿ) ಮರಿಗಳಿಂದ ಶುರು ಮಾಡಿ. 26ರಿಂದ 28 ಡಿಗ್ರಿಯಲ್ಲಿ ಇಟ್ಟರೆ ಮೊಟ್ಟೆ ಸುಮಾರು ಒಂದು ದಿನದಲ್ಲಿ ಒಡೆಯುತ್ತದೆ. ಒಡೆದ ಕೆಲವೇ ಗಂಟೆಯೊಳಗೆ ತಿನ್ನಿಸಿ. ಹೊತ್ತು ಕಳೆದಂತೆ ಅವು ತಮ್ಮೊಳಗಿನ ಸತ್ವವನ್ನು ತಾವೇ ಖರ್ಚು ಮಾಡಿಕೊಳ್ಳುತ್ತವೆ. ಅದಕ್ಕೆ ಒಗ್ಗಿದ ಮೇಲೆ ಜೊತೆಗೆ ಫ್ರೋಜನ್ ಸೈಕ್ಲಾಪ್ಸ್ (ಇದೂ ಒಂದು ಪಾಡ್), ಮೀನಿನ ಮೊಟ್ಟೆ, ಚೂರು ಮಾಡಿದ ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿ) ಬೆರೆಸುತ್ತಾ ಹೋಗಿ. ಪಿಪೆಟ್‌ನ ನೀರು ಮೆಲ್ಲಗೆ ಅಲುಗಿದರೆ ಸತ್ತದ್ದೂ ಬದುಕಿದ ಹಾಗೆ ಓಡಾಡುತ್ತದೆ, ಮೀನು ಟಕ್ಕನೆ ಎಳೆದುಕೊಳ್ಳುತ್ತದೆ. ಕೆಲವು ಮೀನು ವಾರದಲ್ಲಿ ಕಲಿಯುತ್ತವೆ. ಕೆಲವು ಕಲಿಯುವುದೇ ಇಲ್ಲ.

ಪೆಟ್ಟಿಗೆಯಿಂದ ಬಿಟ್ಟ ಮೇಲೆ ನಿಮ್ಮ ಕ್ಲೌನ್‌ಗಳೇ ದೊಡ್ಡ ತಲೆನೋವು. ಮ್ಯಾಂಡರಿನ್ ಯೋಚನೆ ಮಾಡಿ ಮುಗಿಸುವಷ್ಟರಲ್ಲಿ ಅವು ಎಲ್ಲಾ ಗುಡಿಸಿ ಹಾಕಿರುತ್ತವೆ. ನಾನು ಮಾಡುವುದು ಹೀಗೆ: ಒಂದು ಮೂಲೆಯಲ್ಲಿ ಕ್ಲೌನ್‌ಗಳಿಗೆ ಪೆಲೆಟ್ ಹಾಕಿ ಹೊಟ್ಟೆ ತುಂಬಿಸುತ್ತೇನೆ. ಆಮೇಲೆ ಪಂಪ್ ನಿಲ್ಲಿಸಿ, ತಳದಲ್ಲಿ ಅಡ್ಡ ಮಲಗಿಸಿದ ಸಣ್ಣ ಬಾಯಿಯ ಗಾಜಿನ ಬಾಟಲಿಗೆ ಉದ್ದ ಕೊಳವೆಯಿಂದ ಮ್ಯಾಂಡರಿನ್ ಆಹಾರ ಬಿಡುತ್ತೇನೆ. ಅದು ನಡೆದುಕೊಂಡು ಒಳಗೆ ಹೋಗಿ ಆರಾಮಾಗಿ ತಿಂದು ಬರುತ್ತದೆ. ಕ್ಲೌನ್‌ಗಳು ಬಾಯಿಯ ಹತ್ತಿರ ಬಂದು ಹಿಂದೆ ಸರಿಯುತ್ತವೆ. ಉಳಿದದ್ದನ್ನು ಆಮೇಲೆ ಎಳೆದು ತೆಗೆಯಿರಿ, ಇಲ್ಲದಿದ್ದರೆ ಅಷ್ಟು ಸಣ್ಣ ನೀರಿನಲ್ಲಿ ನೈಟ್ರೇಟ್ ಏರಲು ಹೊತ್ತು ಬೇಕಿಲ್ಲ. ವಾರಕ್ಕೆ 10ರಿಂದ 15 ಶೇಕಡಾ ನೀರು ಬದಲಿಸಿ. ಆವಿಯಾದ ನೀರಿನ ಜಾಗಕ್ಕೆ ಉಪ್ಪುನೀರು ಹಾಕಬೇಡಿ, ಆರ್‌ಓ ನೀರು ಹಾಕಿ ಸಾಂದ್ರತೆ 1.025ರ ಆಸುಪಾಸಿನಲ್ಲಿ ಇಟ್ಟುಕೊಳ್ಳಿ.

ಕ್ಲೌನ್ ಇದೆ ಅಂತ ಅನಿಮೋನ್ (ಕುಟುಕುವ ಕೈಗಳಿರುವ ಸಮುದ್ರ ಜೀವಿ) ತರುವ ಯೋಚನೆ ಇದ್ದರೆ ಕೈಬಿಡಿ. ತಳದಲ್ಲಿ ನಿಧಾನವಾಗಿ ನಡೆಯುವ ಈ ಮೀನು ಅದರ ಕೈಗೆ ಸಿಕ್ಕಿಬಿಡಬಹುದು. ಸಿಕ್ಸ್‌ಲೈನ್ ರಾಸ್ ಅನ್ನುವ ಮೀನು ಕೂಡ ಬೇಡ, ಅದೂ ಪಾಡ್ ತಿನ್ನುತ್ತದೆ, ಜಗಳಗಂಟಿ ಬೇರೆ. ಎರಡು ಗಂಡು ಮ್ಯಾಂಡರಿನ್ ಅಂತೂ ಬೇಡವೇ ಬೇಡ. ಬೆನ್ನಿನ ಮೊದಲ ರೆಕ್ಕೆಯ ಮುಳ್ಳು ಉದ್ದವಾಗಿ ನಿಂತಿದ್ದರೆ ಗಂಡು.

ಇನ್ನೊಂದು ಪ್ರಶ್ನೆ ನೀವೇ ಕೇಳಿಕೊಳ್ಳಿ: ನಾಲ್ಕು ದಿನ ಮನೆಯಲ್ಲಿ ಇಲ್ಲದಿದ್ದರೆ ಯಾರು ತಿನ್ನಿಸುತ್ತಾರೆ? ಆಟೋ ಫೀಡರ್ ಪೆಲೆಟ್ ಹಾಕುತ್ತದೆ, ಇದು ಪೆಲೆಟ್ ತಿನ್ನಲ್ಲ. ಆಗಾಗ ಓಡಾಡುವ ಕೆಲಸ ನಿಮ್ಮದಾಗಿದ್ದರೆ ನಿಯಾನ್ ಗೋಬಿ ಅನ್ನುವ ಮೀನು ನೋಡಿ. ಪುಟ್ಟದು, ಚುರುಕು, ಊಟಕ್ಕೆ ಹಟ ಮಾಡುವುದಿಲ್ಲ.

ಓಡಾಟ ಇಲ್ಲ, ಮಾಡಿಯೇ ತೀರುತ್ತೇನೆ ಅಂದರೆ ಮೀನಿಗೆ ಈಗಲೇ ಮುಂಗಡ ಕೊಡಬೇಡಿ. ಮೊದಲು ಎರಡು ಜಾಡಿ ಇಡಿ. ಎರಡು ತಿಂಗಳು ಅವು ಸಾಯದೆ ನಡೆದರೆ, ದೀಪ ಆರಿಸಿ ಒಂದು ಗಂಟೆಯ ಮೇಲೆ ಟ್ಯಾಂಕ್‌ನ ಗಾಜಿಗೆ ಟಾರ್ಚ್ ಬಿಟ್ಟಾಗ ಪಾಡ್‌ಗಳು ಬಿಳಿ ಚುಕ್ಕೆಗಳ ಹಾಗೆ ಎಲ್ಲಾ ಕಡೆ ಸರಿದಾಡುತ್ತಿದ್ದರೆ, ಆಗ ಅಂಗಡಿಗೆ ಹೋಗಿ. ನಿಮ್ಮ ಟ್ಯಾಂಕ್‌ಗೆ ಕೆಳಗೆ ಸಂಪ್ (ಟ್ಯಾಂಕ್‌ನ ನೀರು ಹರಿದು ಹೋಗಿ ಬರುವ ಇನ್ನೊಂದು ತೊಟ್ಟಿ) ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ತಿಳಿಸಿ. ಅದರಲ್ಲೇ ಒಂದು ಭಾಗಕ್ಕೆ ಕೀಟೊ ಅನ್ನುವ ಎಳೆಎಳೆಯಾದ ಹಸಿರು ಪಾಚಿ ಹಾಕಿ ಪಾಡ್‌ಗಳಿಗೆ ಮೀನು ತಲುಪದ ಜಾಗ ಮಾಡಿಕೊಡಬಹುದು. ಆಗ ಮೇಲಿನ ಲೆಕ್ಕ ನಿಮ್ಮ ಪರವಾಗಿ ಸ್ವಲ್ಪ ಬದಲಾಗುತ್ತದೆ.