ಕೆರೆ ಪಕ್ಕದ ಊರಿಗೆ ಲಗೂನ್: ಜಾಗದ ಲೆಕ್ಕಕ್ಕೆ ಮೊದಲು ಪಲ್ಪರ್ ಪೈಪ್ ಹುಡುಕಿ

ಬೇಲೂರು ತಾಲ್ಲೂಕಿನ ಕಾಫಿ ಸೀಮೆಯಲ್ಲಿ 150 ಮನೆಯ ಊರು, ಚರಂಡಿ ನೀರೆಲ್ಲ ಕೆರೆಗೆ ಹೋಗ್ತಿದೆ, ಕೆರೆ ಅಂಗಳದ ಮೂಲೆಯಲ್ಲೇ ಲಗೂನ್, ಅಂದ್ರೆ ಚರಂಡಿ ನೀರನ್ನು ಒಂದರಿಂದ ಒಂದಕ್ಕೆ ಹರಿಸಿ ಶುದ್ಧ ಮಾಡುವ ಕೊಳಗಳ ಸಾಲು, ತೋಡಿದರೆ ಎಷ್ಟು ಜಾಗ ಬೇಕು ಅಂತ ಕೇಳಿದ್ದೀರಿ. ನಮ್ಮ ಕಡೆಯೂ ಎಲ್ಲರೂ ಜಾಗದ ಲೆಕ್ಕವನ್ನೇ ಹಾಕ್ತಾ ಕೂತಿದ್ದರು. ಕೊಳ ಕೆಟ್ಟಿದ್ದು ಜಾಗ ಸಾಲದೆ ಅಲ್ಲ, ಚರಂಡಿಗೆ ಬಿಟ್ಟ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ನೀರಿನಿಂದ.

ಅದನ್ನೇ ಮೊದಲು ಬಿಡಿಸಿ ಹೇಳ್ತೀನಿ. ಬಿಒಡಿ ಅಂದ್ರೆ ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬೇಕಾಗುವ ಆಮ್ಲಜನಕ, ಕೊಳೆಯ ಹೊರೆಯ ಅಳತೆ. ತಲೆಗೆ ದಿನಕ್ಕೆ 40 ಗ್ರಾಂ ಬಿಒಡಿ ಹಿಡಿದರೆ 750 ಜನಕ್ಕೆ 30 ಕೆಜಿ. ಒಂದು ಟನ್ ಹಣ್ಣು ಪಲ್ಪ್ ಮಾಡಿ 3,000 ಲೀಟರ್ ನೀರು ಬಿಟ್ಟರು ಅನ್ನಿ. ಲೀಟರಿಗೆ 4,000 ಮಿಲಿಗ್ರಾಂ ಹಿಡಿದರೂ 12 ಕೆಜಿ ಆಯ್ತು. ಅಂದ್ರೆ ಐದು ಟನ್ ಹಣ್ಣಿನ ನೀರು ಇಡೀ ಊರಿನ ಹೊರೆಯ ಎರಡರಷ್ಟು. ಅದಕ್ಕಿಂತ ಕೆಟ್ಟದ್ದು ಹುಳಿ. ಬೀಜದ ಲೋಳೆ ಹುದುಗಿ ಪಿಎಚ್ (ಇದು ಇಳಿದಷ್ಟೂ ಹುಳಿ ಹೆಚ್ಚು) 4ರ ಹತ್ತಿರ ಇಳಿದಿರುತ್ತೆ. ಮೊದಲ ಕೊಳದಲ್ಲಿ ಕೊಳೆಯನ್ನು ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು 6.5ಕ್ಕಿಂತ ಕೆಳಗೆ ಸುಸ್ತಾಗ್ತವೆ, ಹುಳಿ ಮಾಡುವವು ಮಾತ್ರ ಕೆಲಸ ಬಿಡಲ್ಲ. ಹಾಗಾಗಿ ಹುಳಿ ಏರುತ್ತಲೇ ಹೋಗುತ್ತೆ, ಕೊಳೆತ ಮೊಟ್ಟೆ ನಾತ ಬರುತ್ತೆ, ಎರಡನೇ ಕೊಳದ ಹಸಿರು ಹೋಗಿ ನೀರು ಗುಲಾಬಿ, ಆಮೇಲೆ ನೇರಳೆ. ಇದೆಲ್ಲ ಆಗೋದು ನವೆಂಬರ್‌ನಿಂದ ಫೆಬ್ರವರಿವರೆಗೆ, ಚಳಿಗೆ ಕೊಳ ಹೇಗೂ ನಿಧಾನವಾಗಿರುವಾಗಲೇ. ಆಗ ಊರ ಕೊಳಕ್ಕೆ ಸುಣ್ಣ ಸುರಿಯೋದು ಮೂಗಿಗೆ ಬಟ್ಟೆ ಕಟ್ಟಿದ ಹಾಗೆ. ಪಲ್ಪರ್ ನೀರಿಗೆ ತೋಟದಲ್ಲೇ ಸುಣ್ಣ ಹಾಕಿ, ಅಲ್ಲೇ ಲೈನಿಂಗ್ ಇರುವ ಬೇರೆ ಹೊಂಡಗಳಲ್ಲಿ ಶುದ್ಧ ಮಾಡಬೇಕು. ಪೈಪ್ ಯಾರದ್ದೇ ಆಗಿರಲಿ, ಜೆಸಿಬಿ ಬರುವ ಮೊದಲು ಮುಚ್ಚಿಸಿ. ಅದಾಗಲ್ಲ ಅಂದ್ರೆ ಲಗೂನಿಗೆ ದುಡ್ಡು ಹಾಕಲೇಬೇಡಿ.

ಕೆರೆ ಅಂಗಳವಂತೂ ಬೇಡ. ಕೆರೆ ತುಂಬಿದ ವರ್ಷ ಒಡ್ಡು ಮುಳುಗಿ ಹೂಳೆಲ್ಲ ಕೆರೆ ಪಾಲಾಗುತ್ತೆ. ಕೊಳದ ತಳವೇ ಕೋಡಿ ಮಟ್ಟಕ್ಕಿಂತ ಮೇಲಿರಲಿ. ತಳಕ್ಕೆ ಜೇಡಿಮಣ್ಣನ್ನು 15 ಸೆಂ.ಮೀ. ಪದರಗಳಲ್ಲಿ ನೀರು ಹಾಕಿ ರೋಲರ್ ಹೊಡೆಸಿ, ಇಲ್ಲವೇ ಕೃಷಿ ಹೊಂಡಕ್ಕೆ ಹಾಕುವ 500 ಮೈಕ್ರಾನ್ ಹಾಳೆ ಹಾಸಿ.

ಅಳತೆ: ತಲೆಗೆ 55 ಲೀಟರ್ ನಲ್ಲಿ ನೀರು, ಅದರಲ್ಲಿ ಶೇ 80 ಚರಂಡಿಗೆ ಅಂದ್ರೆ ದಿನಕ್ಕೆ 33,000 ಲೀಟರ್. ಮೊದಲ ಕೊಳ 3 ಮೀಟರ್ ಆಳ, 100 ಘನ ಮೀಟರ್. 20 ಡಿಗ್ರಿಯಲ್ಲಿ ಬಿಒಡಿ ಶೇ 60ರಷ್ಟು ಇಲ್ಲೇ ಇಳಿಯುತ್ತೆ. ಎರಡನೆಯದು ಒಂದೂವರೆ ಮೀಟರ್ ಆಳ, 5 ಗುಂಟೆ. ಕೊನೆಗೆ 1 ಮೀಟರ್ ಆಳದ ಎರಡು ಕೊಳ, ಒಂದೊಂದರಲ್ಲಿ ಐದು ದಿನ ನೀರು ನಿಲ್ಲುವಷ್ಟು. ಒಡ್ಡು, ಟ್ರ್ಯಾಕ್ಟರ್ ದಾರಿ ಸೇರಿ ಅರ್ಧ ಎಕರೆ ಇಟ್ಟುಕೊಳ್ಳಿ. ಮಳೆ ನೀರಿನ ಚರಂಡಿ ಬೇರೆಯೇ ಇರಬೇಕು, ನಮ್ಮ ಮಳೆಗೆ ಈ ಲೆಕ್ಕ ಯಾವುದೂ ನಿಲ್ಲಲ್ಲ.

ನೀರು ಬರುವ ಬಾಯಿ, ಹೋಗುವ ಬಾಯಿ ಎದುರುಬದುರು ಮೂಲೆಯಲ್ಲಿರಲಿ. ಎರಡನೇ ಕೊಳದಿಂದ ನೀರನ್ನು ಮೇಲ್ಮೈಗಿಂತ 60 ಸೆಂ.ಮೀ. ಕೆಳಗಿಂದ ತೆಗೆಯಿರಿ, ಪಾಚಿ ಕಡಿಮೆ ಬರುತ್ತೆ. ಅಂತರಗಂಗೆ ಬೆಳೆದರೆ ಶುದ್ಧ ಮಾಡುತ್ತೆ ಅಂತ ಬಿಡುವವರಿದ್ದಾರೆ. ಬೆಳಕು ತಡೆದು ಪಾಚಿಯನ್ನೂ, ಅದು ಕೊಡುವ ಆಮ್ಲಜನಕವನ್ನೂ ಕೊಲ್ಲುತ್ತೆ, ಕಿತ್ತು ಹಾಕಿ.

ಕೊನೆಯ ನೀರನ್ನೂ ಕೆರೆಗೆ ಬಿಡಬೇಡಿ. ಸಾರಜನಕ, ರಂಜಕ ಅದರಲ್ಲಿ ಉಳಿದೇ ಇರುತ್ತೆ, ಕೆರೆ ಹಸಿರುಗಟ್ಟುತ್ತೆ. ನೇಪಿಯರ್ ಹುಲ್ಲಿಗೋ ತೆಂಗಿಗೋ ಹಾಯಿಸಿ, ಸೊಪ್ಪು ತರಕಾರಿಗೆ ಬೇಡ. ಮೊದಲ ಕೊಳ ಮೂರನೇ ಒಂದು ಭಾಗ ಹೂಳು ತುಂಬಿದಾಗ ಬೇಸಿಗೆಯಲ್ಲಿ ತೆಗೆಸಬೇಕು. ಒಂದನ್ನು ಖಾಲಿ ಮಾಡುವಾಗ ಇನ್ನೊಂದು ನಡೆಯಬೇಕಲ್ಲ, ಅದಕ್ಕೇ ಆ ಒಂದು ಕೊಳವನ್ನು ಮಾತ್ರ ಜೋಡಿ ಮಾಡಿಸಿ.