ಓದುಗರ ಪ್ರಶ್ನೆ: ಗಾಯಗೊಂಡ ಆಟಗಾರ, ಮುಗಿಯುತ್ತಿರುವ ಒಪ್ಪಂದ

ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಒಪ್ಪಂದ ಮುಗಿಯುವ ಹೊತ್ತಿಗೇ ಗಾಯಗೊಂಡ ಆಟಗಾರರ ಪಾಡೇನು ಎಂದು ಅಲ್ಲಿನ ಕನ್ನಡಿಗರು ಕೇಳಿದ್ದಾರೆ. ಈ ಸಂಚಿಕೆಯಲ್ಲಿ ಅದಕ್ಕೇ ಉತ್ತರ. ಕೊನೆಯ ಪ್ರಶ್ನೆ ಮಾತ್ರ ಬೆಂಗಳೂರಿನದು. ಅದು ನಮಗೆ ಗೊತ್ತಿರುವ ಕಾಲ್ಚೆಂಡಿನ ವಿಷಯ.

ಪ್ರಶ್ನೆ: ಮೈಕೈ ಗಟ್ಟಿಯಾಗಿರುವ ಕ್ವಾರ್ಟರ್‌ಬ್ಯಾಕನ್ನು (ಚೆಂಡು ಎಸೆದು ಆಟ ನಡೆಸುವವನನ್ನು) ಸೀಸನ್ ಮಧ್ಯೆ ಹೊರಗೆ ಕೂರಿಸುತ್ತಾರೆ. ಕಾರಣ ಕೇಳಿದರೆ ‘ಗಾಯದ ಗ್ಯಾರಂಟಿ’ ಅನ್ನುತ್ತಾರೆ. ಗಾಯವೇ ಆಗದವನಿಗೆ ಅದೆಂಥ ಗ್ಯಾರಂಟಿ? (ನ್ಯೂಜೆರ್ಸಿ)

ಎನ್‌ಎಫ್‌ಎಲ್ ಒಪ್ಪಂದದಲ್ಲಿ ಗ್ಯಾರಂಟಿ ಮೂರು ಬಗೆ. ಆಟ ಕುಸಿಯಿತೆಂದು ಕೈಬಿಟ್ಟರೂ ಕೊಡಬೇಕಾದ ಹಣ ಒಂದು. ಲೀಗ್ ತಂಡಕ್ಕೆ ಹಾಕಿರುವ ಒಟ್ಟು ಸಂಬಳದ ಮಿತಿಯೊಳಗೆ ಜಾಗವಿಲ್ಲವೆಂದು ಕೈಬಿಟ್ಟರೂ ಕೊಡಬೇಕಾದ್ದು ಇನ್ನೊಂದು. ಗಾಯದಿಂದ ಆಡಲಾಗದಿದ್ದರೂ ಕೊಡಬೇಕಾದ್ದು ಮೂರನೆಯದು. ಮೂರೂ ಬರೆದಿದ್ದರೆ ಮಾತ್ರ ಅದು ಪೂರ್ಣ ಗ್ಯಾರಂಟಿ. ಪತ್ರಿಕೆಯ ತಲೆಬರಹದಲ್ಲಿ ಕಾಣುವ ದೊಡ್ಡ ಮೊತ್ತದಲ್ಲಿ ಎಷ್ಟೋ ಸಲ ಮೂರನೆಯ ಬಗೆಯದೇ ಹೆಚ್ಚು. ಆಟಗಾರ ಆರೋಗ್ಯವಾಗಿದ್ದಾಗಲೇ ಬಿಟ್ಟರೆ ಅದರಲ್ಲಿ ಬಿಡಿಗಾಸೂ ಕೊಡಬೇಕಿಲ್ಲ. ಅವನು ವೈದ್ಯರ ಪರೀಕ್ಷೆ ಪಾಸಾಗದ ಸ್ಥಿತಿಯಲ್ಲಿದ್ದರೆ ಅಷ್ಟೂ ಕೊಡಬೇಕು. ಹಾಗಾಗಿ ಆಡಳಿತಕ್ಕೆ ಗಾಯಗೊಂಡವನಿಗಿಂತ ಗಾಯಗೊಳ್ಳಬಹುದಾದವನ ಭಯವೇ ಜಾಸ್ತಿ.

ನಿಮ್ಮೂರಿನ ಜಯಂಟ್ಸ್ ತಂಡದ್ದೇ ಉದಾಹರಣೆ ನೋಡಿ. ಅದರ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್ 2023ರಲ್ಲಿ 4 ವರ್ಷಕ್ಕೆ 16 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದರು. ಆ ವರ್ಷವೇ ಮಂಡಿಯ ಎಸಿಎಲ್ (ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು) ಹರಿಯಿತು. 2025ರ ಸಂಬಳದಲ್ಲಿ 2.3 ಕೋಟಿ ಡಾಲರಿಗೆ ಗಾಯದ ಗ್ಯಾರಂಟಿ ಇತ್ತು. 2024ರ ನವೆಂಬರಿನಲ್ಲಿ ಮೊದಲು ಬೆಂಚಿಗೆ ಕೂರಿಸಿದರು, ಅದೇ ವಾರ ಬಿಡುಗಡೆಯನ್ನೂ ಮಾಡಿದರು. ಕ್ವಾರ್ಟರ್‌ಬ್ಯಾಕ್ ಡೆರೆಕ್ ಕಾರ್ ವಿಷಯದಲ್ಲಿ ರೈಡರ್ಸ್ ತಂಡ ಮಾಡಿದ್ದೂ ಇದನ್ನೇ: 2022ರ ಸೀಸನ್ನಿನ ಕೊನೆಯ ಎರಡು ಪಂದ್ಯಕ್ಕೆ ಕೂರಿಸಿ, 4.04 ಕೋಟಿ ಡಾಲರ್ ಗಟ್ಟಿಯಾಗುವ ಫೆಬ್ರುವರಿ 15ಕ್ಕೆ ಒಂದು ದಿನ ಮುಂಚೆ ಬಿಟ್ಟರು. ಆದ್ದರಿಂದ ಒಪ್ಪಂದದಲ್ಲಿ ಮೊತ್ತ ನೋಡುವ ಮುಂಚೆ ತಾರೀಖು ನೋಡಬೇಕು. ಗಾಯದ ಗ್ಯಾರಂಟಿ ಪೂರ್ಣ ಗ್ಯಾರಂಟಿಯಾಗುವ ದಿನ ಎಷ್ಟು ಬೇಗ ಬಂದರೆ ಆಟಗಾರನಿಗೆ ಅಷ್ಟು ಒಳ್ಳೆಯದು.

ಡ್ರಾಫ್ಟಿನ (ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಪದ್ಧತಿಯ) ಮೊದಲ ಸುತ್ತಿನಲ್ಲಿ ಬಂದವರ ‘ಐದನೇ ವರ್ಷದ ಆಯ್ಕೆ’, ಅಂದರೆ ಮೊದಲ ಒಪ್ಪಂದವನ್ನು ಐದನೇ ವರ್ಷಕ್ಕೆ ಬೆಳೆಸುವ ತಂಡದ ಹಕ್ಕು, ಹಿಂದೆ ಹೀಗೇ ಇತ್ತು. ವಾಷಿಂಗ್ಟನ್ ತಂಡ ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್‌ಗೆ 1.61 ಕೋಟಿ ಡಾಲರಿನ ಆಯ್ಕೆ ಬಳಸಿಕೊಂಡು, ಗಾಯವಾದೀತೆಂದು 2015ರ ಇಡೀ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಿಸದೆ, 2016ರ ಮಾರ್ಚಿನಲ್ಲಿ ಬಿಟ್ಟುಬಿಟ್ಟಿತು. ಲೀಗಿಗೂ ಆಟಗಾರರ ಸಂಘಕ್ಕೂ ಆದ 2020ರ ಸಾಮೂಹಿಕ ಒಪ್ಪಂದ ಆ ದಾರಿ ಮುಚ್ಚಿತು. 2018ರಿಂದೀಚೆಗೆ ಡ್ರಾಫ್ಟ್ ಆದವರಿಗೆ ತಂಡ ಈ ಆಯ್ಕೆ ಬಳಸಿದ ಕ್ಷಣವೇ ಹಣ ಪೂರ್ಣ ಗ್ಯಾರಂಟಿ. ಇದರ ಅಡ್ಡಪರಿಣಾಮವೂ ಇದೆ. ಮೂರನೇ ಸೀಸನ್ ಮುಗಿದು ಮೇ ತಿಂಗಳ ಗಡುವು ಬಂದಾಗ ಮಂಡಿಯೋ ಕತ್ತೋ ಸರಿಯಿಲ್ಲದಿದ್ದರೆ ತಂಡಗಳು ಸುಮ್ಮನೆ ಹಿಂದೆ ಸರಿಯುತ್ತವೆ.

ಪ್ರಶ್ನೆ: ಡಲ್ಲಾಸ್ ಕೌಬಾಯ್ಸ್ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಕಾಲು ಮುರಿದುಕೊಂಡ ಮೇಲೂ ಅಷ್ಟು ದೊಡ್ಡ ಮೊತ್ತ ಹೇಗೆ ಸಿಕ್ಕಿತು? (ಫ್ರಿಸ್ಕೊ, ಟೆಕ್ಸಸ್)

ಫ್ರಾಂಚೈಸ್ ಟ್ಯಾಗಿನ ಲೆಕ್ಕದಿಂದ. ಒಪ್ಪಂದ ಮುಗಿದ ಒಬ್ಬ ಆಟಗಾರನನ್ನು ತಂಡ ಈ ಟ್ಯಾಗ್ ಹಾಕಿ ಒಂದು ವರ್ಷ ಕಟ್ಟಿಹಾಕಿಕೊಳ್ಳಬಹುದು. ಆ ಸ್ಥಾನದ ಅತಿ ದುಬಾರಿ ಐವರ ಸಂಬಳದ ಲೆಕ್ಕದಲ್ಲಿ ಬೆಲೆ ನಿಗದಿಯಾಗುತ್ತದೆ; ಸಹಿ ಹಾಕಿದರೆ ಪೂರ್ಣ ಗ್ಯಾರಂಟಿ. 2020ರಲ್ಲಿ ಡ್ಯಾಕ್ ಟ್ಯಾಗ್ ಬೆಲೆ 3.14 ಕೋಟಿ ಡಾಲರ್. ಅಕ್ಟೋಬರ್ 11ರಂದು ಬಲಗಾಲಿನ ಪಾದದ ಕೀಲು ಮುರಿದು ತಪ್ಪಿತು. ಆ ವರ್ಷದ ಹಣಕ್ಕೆ ಕುತ್ತು ಬರಲಿಲ್ಲ. ಎರಡನೇ ಟ್ಯಾಗ್ ಹಾಕಿದರೆ ಹಿಂದಿನದರ ಶೇ 120, ಅಂದರೆ 3.77 ಕೋಟಿ. ಮೂರನೆಯದಕ್ಕೆ ಅದರ ಶೇ 144, ಸುಮಾರು 5.43 ಕೋಟಿ. ಕೌಬಾಯ್ಸ್ ಎಷ್ಟು ಮುಂದೂಡಿದರೂ ದುಬಾರಿಯೇ. ಕೊನೆಗೆ 2021ರ ಮಾರ್ಚಿನಲ್ಲಿ 4 ವರ್ಷಕ್ಕೆ 16 ಕೋಟಿ, ಅದರಲ್ಲಿ 12.6 ಕೋಟಿ ಗ್ಯಾರಂಟಿ, ಮತ್ತೆ ಟ್ಯಾಗ್ ಹಾಕಕೂಡದೆಂಬ ಷರತ್ತು. ಮೂಳೆ ಮುರಿತ ಕೂಡಿಕೊಳ್ಳುತ್ತದೆ, ವಯಸ್ಸು 27, ಸ್ಥಾನ ಕ್ವಾರ್ಟರ್‌ಬ್ಯಾಕ್: ಈ ಮೂರೂ ಅವರ ಪರ ಇದ್ದವು. ಚೆಂಡು ಹಿಡಿದು ಓಡುವುದೇ ಕೆಲಸವಾದ ರನ್ನಿಂಗ್ ಬ್ಯಾಕ್ ಒಬ್ಬ ಇದೇ ಗಾಯದೊಂದಿಗೆ ಇದೇ ಹಟ ಹಿಡಿದರೆ ನಾವು ಬೇಡವೆನ್ನುತ್ತೇವೆ.

ಪ್ರಶ್ನೆ: ಗಾಯದಿಂದ ಎದ್ದವನು ಒಂದು ವರ್ಷದ ಒಪ್ಪಂದ ಮಾಡಬೇಕೋ, ಸಿಕ್ಕಷ್ಟಕ್ಕೆ ಮೂರು ವರ್ಷ ಒಪ್ಪಬೇಕೋ? (ಸಾಂತಾ ಕ್ಲಾರಾ)

ಮೊದಲು ಗಾಯದ ತಿಂಗಳು ನೋಡಿ. ಎಸಿಎಲ್ ಶಸ್ತ್ರಚಿಕಿತ್ಸೆಯಾದವರು ಮೈದಾನಕ್ಕೆ ಮರಳಲು ಸಾಮಾನ್ಯವಾಗಿ 9ರಿಂದ 12 ತಿಂಗಳು ಬೇಕು. ಸೆಪ್ಟೆಂಬರಿನಲ್ಲಿ ಹರಿದರೆ ಮುಂದಿನ ಜುಲೈ ಶಿಬಿರದ ಹೊತ್ತಿಗೆ ಓಡಬಹುದು. ಡಿಸೆಂಬರಿನಲ್ಲಿ ಹರಿದರೆ ಮುಂದಿನ ಸೀಸನ್ನಿನ ಆರಂಭವೇ ಹೋಯಿತು. ಅಂಥವನಿಗೆ ಒಂದು ವರ್ಷದ ಒಪ್ಪಂದ ಕೆಟ್ಟ ಜೂಜು. ಅರ್ಧ ಸೀಸನ್ ಕುಂಟುತ್ತಾ ಆಡಿ, ಆ ದೃಶ್ಯಗಳನ್ನೇ ತೋರಿಸಿ ಮತ್ತೆ ಚೌಕಾಸಿಗೆ ಕೂರಬೇಕಾಗುತ್ತದೆ. ಎರಡನೇ ವರ್ಷದ ಒಂದಿಷ್ಟು ಹಣಕ್ಕಾದರೂ ಗ್ಯಾರಂಟಿ ಕೇಳಬೇಕು.

ಒಂದು ವರ್ಷದ ದಾರಿ ಫಲಿಸಿದ್ದಕ್ಕೆ ನಿಮ್ಮೂರಿನ 49ಅರ್ಸ್ ತಂಡದಲ್ಲಿ ಅರ್ಧ ಸೀಸನ್ ಆಡಿದ ರಕ್ಷಣಾ ಆಟಗಾರ ಚೇಸ್ ಯಂಗ್ ಸಾಕ್ಷಿ. 2021ರ ನವೆಂಬರಿನಲ್ಲಿ ಎಸಿಎಲ್ ಹರಿಯಿತು. 2023ರಲ್ಲಿ ವಾಷಿಂಗ್ಟನ್ ಐದನೇ ವರ್ಷದ 1.74 ಕೋಟಿ ಡಾಲರ್ ಆಯ್ಕೆ ಬೇಡವೆಂದು, ಅಕ್ಟೋಬರಿನಲ್ಲಿ 49ಅರ್ಸ್‌ಗೆ ಕೊಟ್ಟುಬಿಟ್ಟಿತು. 2024ರಲ್ಲಿ ಕತ್ತಿನ ಶಸ್ತ್ರಚಿಕಿತ್ಸೆ ಬೇರೆ. ಆಗ ನ್ಯೂ ಆರ್ಲಿಯನ್ಸ್‌ನ ಸೇಂಟ್ಸ್ ತಂಡದ ಜೊತೆ ಒಂದು ವರ್ಷಕ್ಕೆ 1.3 ಕೋಟಿ, ಅದರಲ್ಲಿ ದೊಡ್ಡ ಪಾಲು ಪಂದ್ಯಕ್ಕೆ 4.7 ಲಕ್ಷದಂತೆ, ಆಡಿದರೆ ಮಾತ್ರ. ಹದಿನೇಳೂ ಪಂದ್ಯ ಆಡಿದರು. 2025ರಲ್ಲಿ ಅದೇ ತಂಡ 3 ವರ್ಷಕ್ಕೆ 5.1 ಕೋಟಿ ಕೊಟ್ಟಿತು. ಪಂದ್ಯಕ್ಕಿಷ್ಟು ಎಂಬ ಬೋನಸ್ ತಂಡ ತನ್ನ ಅಪಾಯವನ್ನು ಆಟಗಾರನ ತಲೆಗೆ ಕಟ್ಟುವ ಉಪಾಯ. ಹೀಗೆ ಕಟ್ಟಿದ ಹಣ ಒಟ್ಟು ಮೊತ್ತದ ಅರ್ಧ ದಾಟಿದರೆ ಇನ್ನೊಂದು ತಂಡದ ಬಾಗಿಲು ತಟ್ಟುವುದೇ ಲೇಸು.

ಇದಕ್ಕೆ ವಿರುದ್ಧದ ಉದಾಹರಣೆ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್. 2005ರ ಡಿಸೆಂಬರ್ 31ರಂದು, ಚಾರ್ಜರ್ಸ್ ಪರ ಆಡಿದ ಕೊನೆಯ ಪಂದ್ಯದಲ್ಲಿ, ಎಸೆಯುವ ಭುಜವೇ ಹರಿಯಿತು. ಅವರನ್ನು ಕರೆಸಿಕೊಳ್ಳಲು ನೋಡಿದ ಮಯಾಮಿ ತಂಡದ ವೈದ್ಯರು ಹಿಂಜರಿದರು. ನ್ಯೂ ಆರ್ಲಿಯನ್ಸ್ ಧೈರ್ಯ ಮಾಡಿ 6 ವರ್ಷಕ್ಕೆ 6 ಕೋಟಿ ಬರೆಯಿತು. ಆದರೆ ಗಮನಿಸಿ: ಮೊದಲ ವರ್ಷಕ್ಕೆ 1 ಕೋಟಿ ಖಚಿತ, ಎರಡನೇ ವರ್ಷ ಮುಂದುವರಿಸಬೇಕಾದರೆ ಇನ್ನೊಂದು 1.2 ಕೋಟಿ. ಭುಜ ಕೈಕೊಟ್ಟಿದ್ದರೆ ಒಂದೇ ವರ್ಷಕ್ಕೆ ಕಳಚಿಕೊಳ್ಳಲು ತಂಡಕ್ಕೆ ದಾರಿ ಇತ್ತು. ಎರಡೂ ಕಡೆಗೆ ನ್ಯಾಯವಾದ ಒಪ್ಪಂದವೆಂದರೆ ನಮ್ಮ ಲೆಕ್ಕದಲ್ಲಿ ಇದೇ.

ಪ್ರಶ್ನೆ: ಸುದ್ದಿಯಲ್ಲಿ ಒಪ್ಪಂದ ಆಯಿತೆಂದು ಬಂದ ಮೇಲೂ ಮುರಿದುಬೀಳುವುದೇಕೆ? (ಮೇರಿಲ್ಯಾಂಡ್)

ಮಾರ್ಚ್ ಮಧ್ಯದಲ್ಲಿ ಲೀಗಿನ ಹೊಸ ವರ್ಷ ಶುರುವಾಗುವ ಎರಡು ದಿನ ಮೊದಲೇ ಏಜೆಂಟರು ಬೇರೆ ತಂಡಗಳೊಂದಿಗೆ ಮಾತಾಡಬಹುದು. ಆದರೆ ಆ ತಂಡದ ವೈದ್ಯರು ಆಟಗಾರನನ್ನು ಮುಟ್ಟಿ ನೋಡುವುದು ಆಮೇಲೆಯೇ. ನಿಮ್ಮ ಬಾಲ್ಟಿಮೋರಿನ ರೇವನ್ಸ್ ತಂಡ ಇದಕ್ಕೆ ಹೆಸರುವಾಸಿ. 2018ರಲ್ಲಿ ರಯಾನ್ ಗ್ರಾಂಟ್ ಜೊತೆ ಒಪ್ಪಿದ 2.9 ಕೋಟಿ ಡಾಲರ್ ಒಪ್ಪಂದ ದೇಹಪರೀಕ್ಷೆಯಲ್ಲಿ ಬಿದ್ದುಹೋಯಿತು. ಅವರು ಕೋಲ್ಟ್ಸ್‌ಗೆ ಒಂದು ವರ್ಷಕ್ಕೆ 50 ಲಕ್ಷಕ್ಕೆ ಹೋದರು. 2020ರಲ್ಲಿ ಮೈಕಲ್ ಬ್ರಾಕರ್ಸ್ ಅವರ 3 ಕೋಟಿಯದೂ ಪಾದದ ಕೀಲಿನ ತಕರಾರಿನಿಂದ ಮುರಿದು, ಅವರು ಹಳೆಯ ರ‍್ಯಾಮ್ಸ್‌ಗೇ ಮರಳಿದರು.

ಹೀಗಾಗದಂತೆ ತಡೆಯುವುದು ಏಜೆಂಟನ ಕೆಲಸ. ಶಸ್ತ್ರಚಿಕಿತ್ಸಕರು ಬರೆದ ಆಪರೇಷನ್ ಟಿಪ್ಪಣಿ, ಎಂಆರ್‌ಐ ಚಿತ್ರಗಳು (ವರದಿ ಮಾತ್ರ ಸಾಲದು), ಎರಡೂ ತೊಡೆಗಳ ಬಲ ಅಳೆದ ಅಂಕಿಗಳು ಫೆಬ್ರುವರಿಯೊಳಗೆ ಕೈಯಲ್ಲಿರಬೇಕು. ಗಾಯದ ಕಾಲಿನ ಬಲ ಇನ್ನೊಂದರ ಶೇ 90 ಮುಟ್ಟಿದ್ದರೆ ಮಾತು ಸಲೀಸು. ಶಸ್ತ್ರಚಿಕಿತ್ಸಕರನ್ನು ಆರಿಸುವ ಹಕ್ಕು ಆಟಗಾರನದೇ. ಎರಡನೇ ವೈದ್ಯರ ಅಭಿಪ್ರಾಯದ ಖರ್ಚೂ ನಿಯಮದಂತೆ ತಂಡದ್ದು. ಈ ಹಕ್ಕುಗಳನ್ನು ಬಳಸಿಕೊಳ್ಳದವರೇ ಹೆಚ್ಚು ಪೆಟ್ಟು ತಿನ್ನುತ್ತಾರೆ. ಹಳೆಯ ಗಾಯ ಮರುಕಳಿಸಿದರೆ ಹಣ ಕೇಳುವುದಿಲ್ಲವೆಂಬ ಪತ್ರಕ್ಕೆ ಸಹಿ ಕೇಳಿದರೆ, ಅದರಲ್ಲಿ ‘ಬಲಮಂಡಿಯ ಎಸಿಎಲ್’ ಎಂದಷ್ಟೇ ಇರಲಿ. ‘ಬಲಗಾಲು’ ಎಂದಿದ್ದರೆ ಸಹಿ ಬೇಡ.

ಪ್ರಶ್ನೆ: ಕೊನೆಯ ವರ್ಷದಲ್ಲಿ ಗಾಯಾಳುಗಳ ಪಟ್ಟಿಗೆ ಸೇರಿದರೆ ಒಪ್ಪಂದ ಒಂದು ವರ್ಷ ಬೆಳೆಯುತ್ತದೆಯೇ? (ಚಿಕಾಗೊ)

ಯಾವ ಪಟ್ಟಿ ಎಂಬುದರ ಮೇಲೆ. ಸೀಸನ್ನಿನಲ್ಲಿ ಗಾಯವಾಗಿ ‘ಐಆರ್’ಗೆ (ಇಂಜುರ್ಡ್ ರಿಸರ್ವ್, ಗಾಯಾಳುಗಳ ಮೀಸಲು ಪಟ್ಟಿಗೆ) ಹೋದರೆ ಬೆಳೆಯುವುದಿಲ್ಲ, ಸಂಬಳವೂ ಬರುತ್ತದೆ, ಒಪ್ಪಂದವೂ ಮುಗಿಯುತ್ತದೆ. ಶಿಬಿರದ ಆರಂಭದಲ್ಲೇ ‘ಪಿಯುಪಿ’ಗೆ (ಫಿಸಿಕಲಿ ಅನೇಬಲ್ ಟು ಪರ್ಫಾರ್ಮ್, ಆಡಲು ದೇಹ ಇನ್ನೂ ಸಿದ್ಧವಿಲ್ಲದವರ ಪಟ್ಟಿಗೆ) ಹಾಕಿ, ಕೊನೆಯ ವರ್ಷದ ಆರನೇ ಪಂದ್ಯದ ಹೊತ್ತಿಗೂ ಆಡಲಾಗದಿದ್ದರೆ ಅದೇ ಒಪ್ಪಂದ ಮುಂದಿನ ವರ್ಷಕ್ಕೆ ಉರುಳಬಹುದು, ಹಳೆಯ ಸಂಬಳಕ್ಕೇ. ಒಂದೇ ಒಂದು ದಿನ ಅಭ್ಯಾಸಕ್ಕೆ ಇಳಿದವನನ್ನು ಆಮೇಲೆ ಪಿಯುಪಿಗೆ ಹಾಕುವಂತಿಲ್ಲ. ಶಿಬಿರಕ್ಕೆ ಹೋಗುವ ಮುಂಚೆ ಇದನ್ನು ತಿಳಿದಿರುವುದು ಕ್ಷೇಮ.

ಪ್ರಶ್ನೆ: ನಮ್ಮ ಐಎಸ್‌ಎಲ್‌ನಂಥ ಲೀಗುಗಳಲ್ಲೂ ಹೀಗೆಯೇ? (ಬೆಂಗಳೂರು)

ಅಲ್ಲ. ಫಿಫಾ ನಿಯಮದಂತೆ ಒಪ್ಪಂದ ಮುಗಿಯಲು 6 ತಿಂಗಳು ಉಳಿದಾಗಲೇ ಆಟಗಾರ ಬೇರೆ ಕ್ಲಬ್ಬಿಗೆ ಸಹಿ ಹಾಕಬಹುದು. ವೈದ್ಯಕೀಯ ಪರೀಕ್ಷೆ ಪಾಸಾದರೆ ಮಾತ್ರ ಒಪ್ಪಂದ ಊರ್ಜಿತ ಎಂಬ ಷರತ್ತನ್ನು ಹಾಕುವಂತಿಲ್ಲ. ಕ್ಲಬ್ ಪರೀಕ್ಷೆ ಮಾಡಿಸುವುದಿದ್ದರೆ ಸಹಿಗೆ ಮುಂಚೆಯೇ ಮಾಡಿಸಬೇಕು. ಸಹಿಯಾದ ಮೇಲೆ ಮಂಡಿ ನೆಪ ಹೇಳಿ ಜಾರಿಕೊಳ್ಳಲು ಬರುವುದಿಲ್ಲ. ದೇಶದ ತಂಡದ ಪರ ಆಡುವಾಗ ಗಾಯವಾಗಿ 28 ದಿನಕ್ಕಿಂತ ಹೆಚ್ಚು ಹೊರಗುಳಿದರೆ, ಫಿಫಾದ ಕ್ಲಬ್ ರಕ್ಷಣಾ ಯೋಜನೆಯಡಿ ಸಂಬಳದ ಹಣ ಕ್ಲಬ್ಬಿಗೆ ಬರುತ್ತದೆ. ಒಪ್ಪಂದ ಮುಗಿಯುತ್ತಿರುವ ಆಟಗಾರ ಅದನ್ನು ನಂಬಿ ಕೂರಬಾರದು. ಆ ಹಣ ಅವನ ಕೈಗೆ ಬರುವಂಥದ್ದಲ್ಲ.