ಕರೆಂಟ್ ಕೈಕೊಟ್ಟರೆ ಬ್ರೇಕ್-ಬೈ-ವೈರ್ ಕಾರು ನಿಲ್ಲುತ್ತದಾ?

ಹೆಬ್ಬಾಳ ಫ್ಲೈಓವರ್ ಇಳಿಯುವಾಗ ಕಾರಿನ ಕರೆಂಟೇ ಹೋದರೆ ಬ್ರೇಕ್ ಹಿಡಿಯುತ್ತದಾ ಅಂತ ಕೇಳಿದ್ದೀರಿ. ಹಿಡಿಯುತ್ತದೆ, ಆದರೆ ಕಾಲಿಗೆ ಕಸರತ್ತು.

ಬ್ರೇಕ್-ಬೈ-ವೈರ್ ಅಂದರೆ ಪೆಡಲ್ ತುಳಿದದ್ದು ನೇರ ಬ್ರೇಕಿಗೆ ಹೋಗದೆ ವೈರಿನಲ್ಲಿ ಸಿಗ್ನಲ್ ಆಗಿ ಹೋಗುವ ವ್ಯವಸ್ಥೆ. ಹೆಸರಿನಲ್ಲಿ ವೈರ್ ಇದ್ದರೂ ಈಗ ಓಡಾಡುತ್ತಿರುವ ಇಂಥ ಕಾರುಗಳಲ್ಲಿ ಹೆಚ್ಚುಕಮ್ಮಿ ಎಲ್ಲದರಲ್ಲೂ ಬ್ರೇಕ್ ಆಯಿಲ್ ಇದೆ. ನೀವು ಪೆಡಲ್ ತುಳಿದಾಗ ಆಯಿಲ್ ಹೋಗುವುದು ಚಕ್ರಕ್ಕಲ್ಲ, ಸ್ಪ್ರಿಂಗ್ ಇರುವ ಒಂದು ಪುಟ್ಟ ಸಿಲಿಂಡರಿಗೆ. ಕಾಲಿಗೆ ತಾಗುವ ಬಿಗಿ ಅದರದ್ದು, ಒಂಥರಾ ನಾಟಕ. ಪೆಡಲ್ ಎಷ್ಟು ಇಳಿಯಿತು ಅನ್ನುವುದನ್ನು ಸೆನ್ಸರ್ ಎರಡು ಸಿಗ್ನಲ್‌ಗಳಲ್ಲಿ ಹೇಳುತ್ತದೆ, ಇಸಿಯು (ಕಾರಿನ ಪುಟ್ಟ ಕಂಪ್ಯೂಟರ್) ಎರಡನ್ನೂ ತಾಳೆ ನೋಡುತ್ತದೆ. ಇವಿ, ಹೈಬ್ರಿಡ್‌ಗಳಲ್ಲಿ ಮೊದಲು ರೀಜೆನ್ನಿಂದ (ಕಾರು ಓಡಿಸುವ ಮೋಟಾರೇ ಜನರೇಟರ್ ಆಗಿ ಕಾರನ್ನು ತಡೆದು ಬ್ಯಾಟರಿ ತುಂಬಿಸುವುದು) ಎಷ್ಟು ಸಿಗುತ್ತದೋ ಅಷ್ಟು, ಮಿಕ್ಕಿದ್ದು ಪ್ಯಾಡ್‌ಗಳಿಂದ. ಅದಕ್ಕೆ ಬೇಕಾದ ಪ್ರೆಷರನ್ನು ಇನ್ನೊಂದು ಮೋಟಾರ್ ಸ್ಕ್ರೂ ತಿರುಗಿಸಿ, ಪಿಸ್ಟನ್ ತಳ್ಳಿ ಹುಟ್ಟಿಸುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕಾರು ಇನ್ನೇನು ನಿಲ್ಲಬೇಕು ಅನ್ನುವಾಗ ಸಣ್ಣಗೆ ಜಗ್ಗಿದಂತಾಗುವುದು ರೀಜೆನ್ ಬಿಟ್ಟು ಪ್ಯಾಡ್ ಹಿಡಿದುಕೊಳ್ಳುವ ಹೊತ್ತಿನಲ್ಲಿ.

ಈಗ ಕರೆಂಟ್ ಹೋಯಿತು ಅಂದುಕೊಳ್ಳಿ. ಪೆಡಲ್ ಕಡೆಯಿಂದ ಚಕ್ರದ ಕಡೆಗಿನ ದಾರಿಯನ್ನು ಮುಚ್ಚಿ ಹಿಡಿದಿದ್ದ ವಾಲ್ವ್ ತನ್ನ ಸ್ಪ್ರಿಂಗ್‌ನಿಂದಲೇ ತೆರೆದುಕೊಳ್ಳುತ್ತದೆ. ನಿಮ್ಮ ಕಾಲಿನ ಬಲ ನೇರ ಪ್ಯಾಡ್ ಒತ್ತುವ ಕ್ಯಾಲಿಪರ್‌ಗೆ. ಪ್ರೆಷರ್ ಹುಟ್ಟಿಸುವ ಮೋಟಾರಿನ ಸಹಾಯ ಇರಲ್ಲ, ಪೆಡಲ್ ಆಳಕ್ಕೆ ಹೋಗುತ್ತದೆ. ಗಾಬರಿಯಾಗಿ ಕಾಲು ತೆಗೆಯಬೇಡಿ, ಶಕ್ತಿಯೆಲ್ಲ ಹಾಕಿ ಒತ್ತಿ ಹಿಡಿಯಿರಿ. ಕಾರುಗಳ ಬ್ರೇಕಿಗಿರುವ ವಿಶ್ವಸಂಸ್ಥೆಯ ಆರ್13-ಎಚ್ ನಿಯಮ ಇಂಥ ಹೊತ್ತಿಗೆ ಕೇಳುವುದು ಕಾಲಿನ 500 ನ್ಯೂಟನ್ (ಸುಮಾರು 50 ಕೆ.ಜಿ. ಭಾರದಷ್ಟು) ಒಳಗಿನ ಬಲಕ್ಕೆ ಕನಿಷ್ಠ 2.44 ಮೀ/ಸೆ² ವೇಗ ಇಳಿಕೆ. ಗಂಟೆಗೆ 60 ಕಿ.ಮೀ. ವೇಗದಿಂದ ಲೆಕ್ಕ ಹಾಕಿದರೆ ನಿಲ್ಲಲು ಸುಮಾರು 57 ಮೀಟರ್. ಒಣ ರಸ್ತೆಯಲ್ಲಿ ಬ್ರೇಕ್ ಸರಿಯಿದ್ದರೆ 17-18 ಮೀಟರ್ ಸಾಕು.

ನನಗೆ ಕರೆಂಟಿಗಿಂತ ದೊಡ್ಡ ಚಿಂತೆ ಬೇರೆಯದು. ಹಳೇ ಕಾರಿನಲ್ಲಿ ಲೈನ್‌ಗೆ ಏರ್ ಹೊಕ್ಕರೆ ಪೆಡಲ್ ಮೆತ್ತಗಾಗಿ ಗೊತ್ತಾಗುತ್ತಿತ್ತು. ಇದರಲ್ಲಿ ಕಾಲಿಗೆ ಸಿಗುವುದು ಆ ಸ್ಪ್ರಿಂಗ್‌ನ ಬಿಗಿ, ಹಾಗಾಗಿ ಮೆತ್ತಗಾಗಿದ್ದು ಗೊತ್ತೇ ಆಗಲ್ಲ. ಕರೆಂಟ್ ಹೋದ ದಿನ ಮಾತ್ರ ಪೆಡಲ್ ನೆಲ ಮುಟ್ಟುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತೇವ ಹೀರುತ್ತದೆ, ಆಗ ಬೇಗ ಕುದ್ದು ಲೈನಿನಲ್ಲಿ ಗುಳ್ಳೆ ಬಂದರೆ ಏರ್ ಹೊಕ್ಕಂತೆಯೇ: ಹೊಸತಾಗಿದ್ದಾಗ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲಿನ ಮಾನದಂಡ 155. ರೀಜೆನ್ ದೆಸೆಯಿಂದ ಪ್ಯಾಡ್ ಸವೆದಿಲ್ಲ ಅಂತ ಆಯಿಲ್ ಮರೆಯಬೇಡಿ, ಮ್ಯಾನುಯಲ್ ಬೇರೆ ಹೇಳದಿದ್ದರೆ ಎರಡು ವರ್ಷಕ್ಕೊಮ್ಮೆ ಬದಲಿಸಿ. ಬ್ರೇಕಿಗೆ ಕರೆಂಟ್ ಕೊಡುವ 12 ವೋಲ್ಟ್ ಬ್ಯಾಟರಿಯನ್ನೂ ಚೆಕ್ ಮಾಡಿಸುತ್ತಿರಿ.

ಪ್ಯಾಡ್ ಬದಲಿಸುವ ಮುನ್ನ ಮೆಕ್ಯಾನಿಕ್ ಹತ್ತಿರ ಸ್ಕ್ಯಾನರ್ ಇದೆಯಾ, ಬ್ರೇಕ್ ತಾನಾಗಿ ಒತ್ತದಂತೆ ಸರ್ವಿಸ್ ಮೋಡ್‌ಗೆ ಹಾಕುತ್ತಾರಾ ಕೇಳಿ. ಕೆಲವು ಕಾರುಗಳಲ್ಲಿ ಬಾಗಿಲು ತೆರೆದರೂ ಸಿಸ್ಟಮ್ ಎಚ್ಚೆತ್ತು ಪ್ರೆಷರ್ ಕಟ್ಟುತ್ತದೆ, ಕ್ಯಾಲಿಪರ್‌ನಲ್ಲಿ ಬೆರಳಿದ್ದರೆ ಕಷ್ಟ.